ಮಿನ್‌ಜಿ ಹೆಸರಲ್ಲೊಂದು ಉರುಳುಸೇವೆ

ಇಲ್ಲಿ ಪರದೇಶದಲ್ಲಿ, ಸ್ಟ್ರೀಟ್ಸ್‌ವಿಲ್ ಅನ್ನೋ ಊರಲ್ಲಿ, ಮಿನ್‌ಜಿ ಅನ್ನೋ ಕೊರಿಯಾದ ಹೆಂಗಸಿನ ಮನೆಗೆ ನಾನು ಕೇರ್‌ಗಿವರ್ ಆಗಿ ಹೋಗ್ತೀನಿ. ನಲವತ್ತರ ಹತ್ತಿರ ವಯಸ್ಸು, ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ, ವೀಲ್‌ಚೇರಲ್ಲೇ ಓಡಾಟ. ಇದನ್ನ ಫೋನಲ್ಲಿ ಊರಲ್ಲಿರೋ ಅಮ್ಮನಿಗೆ ಹೇಳಿದ್ದೇ ತಪ್ಪಾಯ್ತು. ನಂಜನಗೂಡಿಗೆ ಹೋಗಿ ಮಿನ್‌ಜಿ ಹೆಸರಲ್ಲಿ ಉರುಳುಸೇವೆ ಮಾಡಿ, ವಿಭೂತಿ ಕಳಿಸಿಬಿಟ್ಟಳು. ನಾನೂ ಹಿಗ್ಗಿಕೊಂಡು ಕೊಟ್ಟೆ: "ನೀವು ಬೇಗ ನಡೆಯೋ ಹಾಗಾಗಲಿ ಅಂತ."

ಮಿನ್‌ಜಿ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡಿದಳು. "ನಮ್ಮಮ್ಮನೂ ಹೀಗೇ. ಸೂಜಿ ಚುಚ್ಚಿಸಿದ್ರು, ಕಷಾಯ ಕುಡಿಸಿದ್ರು, ಚರ್ಚಲ್ಲಿ ಉಪವಾಸ ಕೂರಿಸಿದ್ರು. ವಾಸಿಯಾಗದೆ ಮದುವೆ ಎಲ್ಲಿಂದ ಅಂತಿದ್ರು. ನಮ್ಮಣ್ಣನಿಗೂ ಇದೇ ಕಾಲು. ಅವನಿಗೆ ಔಷಧಿ ಹುಡುಕಲಿಲ್ಲ, ಹೆಂಡತಿ ಹುಡುಕಿದ್ರು."

ಸಾರಿ ಅನ್ನಬೇಕೋ, ಪೊಟ್ಟಣ ವಾಪಸ್ ಇಸ್ಕೋಬೇಕೋ ತಿಳೀಲಿಲ್ಲ. ಗಾಬರಿಯಲ್ಲಿ ಉರುಳುಸೇವೆ ಅಂದ್ರೇನು ಅಂತ ವಿವರಿಸಿ, ದೇವಸ್ಥಾನದ ಸುತ್ತ ಉರುಳಿ ಅಮ್ಮನಿಗೆ ಸೊಂಟ ಹಿಡ್ಕೊಂಡಿದೆ ಅನ್ನೋದನ್ನೂ ಹೇಳಿಬಿಟ್ಟೆ.

"ನನ್ನ ಕಾಲಿಗೋಸ್ಕರ?" ಅಂತ ಮಿನ್‌ಜಿ ಬೆಚ್ಚಿಬಿದ್ದಳು.

ಈಗ ಬಾಗಿಲು ತೆಗೀತಿದ್ದ ಹಾಗೇ ಅವಳ ಮೊದಲ ಪ್ರಶ್ನೆ, "ಅಮ್ಮ ನಡೀತಿದಾರಾ?" ಅತ್ತ ಅಮ್ಮನ ಪ್ರಶ್ನೆಯೂ ಅದೇ, "ಆ ಹುಡುಗಿ ನಡೀತಿದಾಳಾ?" ಮಿನ್‌ಜಿಗೆ ನಿಜ ಹೇಳ್ತೀನಿ. ಅಮ್ಮನಿಗೆ ಮಾತ್ರ "ಹ್ಞೂಂ, ಸ್ವಲ್ಪ ಸ್ವಲ್ಪ" ಅಂತೀನಿ. ಇಲ್ಲ ಅಂದ್ರೆ ಇನ್ನೊಂದು ಸಲ ಉರುಳಿಬಿಡ್ತಾಳೆ.