ಇಪ್ಪತ್ತೆರಡಕ್ಕೆ ನಿಂತ ಎಣಿಕೆ

"ಅಮ್ಮಾ, ಕುಲ್ಸುಂ ಆಂಟಿ ಸಾಂಗ್ ಒಳಗೆ ಯಾಕೆ ನಮ್ಮನ್ನ ಕೌಂಟ್ ಮಾಡ್ತಾರೆ?"

ಹೋದ ತಿಂಗಳು ಒಂದು ಮಧ್ಯಾಹ್ನ ಶಾಲೆಯಿಂದ ಬಂದ ಅಮೂಲ್ಯಾ ಶೂ ಬಿಚ್ಚುತ್ತಾ ಕೇಳಿದ್ದು ಇದು. ಆರು ವರ್ಷದ ಮಗು, ಯಾವುದನ್ನೋ ಯಾವುದಕ್ಕೋ ಸೇರಿಸಿ ಹೇಳುತ್ತಿದ್ದಾಳೆ ಅಂದುಕೊಂಡು ನಾನು ಸಾರಿಗೆ ಒಗ್ಗರಣೆ ಹಾಕಲು ಹೋದೆ. ಅವಳು ಬಿಡಲಿಲ್ಲ. ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ನಾನು ಹನ್ನೊಂದು. ಸಾಂಗಲ್ಲೂ ಹನ್ನೊಂದು ಬರುತ್ತೆ. ಅದು ನಾನೇನಾ?" ಅಂದಳು.

ಅವಳಿಗೆ ಕನ್ನಡದ ಅಂಕಿ ಬರುವುದು ಬಸ್ಸಿನಿಂದ, ನಾನು ಕಲಿಸಿದ್ದಲ್ಲ. ದೋಹಾದ ಅಲ್ ಹಿಲಾಲ್‌ನಲ್ಲಿರುವ ನಮ್ಮ ಮನೆ ಮುಂದೆ ನಿಲ್ಲುವ ಹದಿನಾಲ್ಕನೇ ನಂಬರಿನ ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸಿ ನೋಡಿಕೊಳ್ಳುವುದು ಕುಲ್ಸುಂ. ನಾನು ಕರೆಯುವುದು ಕುಲ್ಸುಮಕ್ಕ ಅಂತ. ಬಂಟ್ವಾಳದ ಕಡೆಯವರು, ಮನೆಯಲ್ಲಿ ಬ್ಯಾರಿ ಭಾಷೆ. ಗಂಡ ಹಾಶಿಮ್ ಅವರಿಗೆ ತರಕಾರಿ ಮಾರುಕಟ್ಟೆಯಲ್ಲಿ ಕೆಲಸ. ಮದೀನತ್ ಖಲೀಫಾದಲ್ಲಿ ಒಂದು ವಿಲ್ಲಾವನ್ನು ಏಳು ಸಂಸಾರಕ್ಕೆ ಹಂಚಿದ್ದಾರಲ್ಲ, ಅಂಥದ್ದರಲ್ಲಿ ಒಂದು ಕೋಣೆ ಇವರದು. ಮೊದಲ ಮೂರು ವರ್ಷ ಅದೇ ಶಾಲೆಯಲ್ಲಿ ನೆಲ ಒರೆಸಿದರು, ಆಮೇಲೆ ಬಸ್ಸಿಗೆ ಹಾಕಿದರು. ಬಸ್ಸಿನಲ್ಲೇ ಹದಿನಾಲ್ಕು ವರ್ಷವಾಯಿತು.

ಅವರು ಎಣಿಸುವ ಕ್ರಮವೇ ಬೇರೆ. ಉಳಿದ ಬಸ್ಸುಗಳಲ್ಲಿ ಮುಂದೆ ನಿಂತು ಬೆರಳು ತೋರಿಸಿ ಎಣಿಸುತ್ತಾರೆ. ಕುಲ್ಸುಮಕ್ಕ ಪ್ರತಿ ಮಗುವಿನ ತಲೆ ಮುಟ್ಟಿ, ಆ ಮಗುವಿನದೇ ಸಂಖ್ಯೆ ಹೇಳುತ್ತಾ ಹಿಂದಿನ ಸೀಟಿನವರೆಗೆ ಹೋಗುತ್ತಾರೆ. ವರ್ಷದ ಮೊದಲ ದಿನ ಸಿಕ್ಕ ಸಂಖ್ಯೆ ವರ್ಷವಿಡೀ ಅದೇ. ಮಗು ಬಂದಿಲ್ಲವಾದರೆ ಖಾಲಿ ಸೀಟನ್ನೇ ಮುಟ್ಟಿ, "ನಾಲ್ಕು ರಜೆ" ಅನ್ನುತ್ತಾರೆ. ಹಾಗಾಗಿ ಎಷ್ಟು ಮಕ್ಕಳು ಬರಲಿ ಬಿಡಲಿ, ಎಣಿಕೆ ಮಾತ್ರ ಪೂರ್ತಿ ಮುಗಿಯಲೇಬೇಕು. ಒಮ್ಮೆ ನಾನು ಕೇಳಿದ್ದೆ, ಬ್ಯಾರಿಯಲ್ಲಿ ಯಾಕೆ ಎಣಿಸುವುದಿಲ್ಲ ಅಂತ.

"ಬ್ಯಾರಿಯಲ್ಲಿ ಎಣಿಸಿದ್ರೆ ನಡುವೆ ಮಾತು ಸೇರ್ತದೆ ಮಾರಾಯ್ರೇ. ಕನ್ನಡದಲ್ಲಿ ಎಣಿಸಿದ್ರೆ ನಮ್ಮ ಶಾಲೆಯ ಮೇಷ್ಟ್ರು ಎದುರಿಗೆ ನಿಂತ ಹಾಗೆ ಆಗ್ತದೆ. ತಪ್ಪಲಿಕ್ಕೆ ಹೆದರಿಕೆ."

ಏಳನೇ ಕ್ಲಾಸಿಗೆ ಬಿಟ್ಟ ಶಾಲೆ. ಆ ಹೆದರಿಕೆಯನ್ನು ಮಾತ್ರ ಜೋಪಾನವಾಗಿ ದೋಹಾಕ್ಕೆ ತಂದಿದ್ದಾರೆ.

ಸರಿ, ಹಾಡಿಗೆ ಬರುತ್ತೇನೆ. ಅಮೂಲ್ಯಾಳ ಪ್ರಶ್ನೆಯನ್ನು ನನ್ನ ಗಂಡ ವಿನಯ್‌ಗೆ ಹೇಳಿದೆ. ಅವರು ಹುಡುಕಿ ಕೇಳಿಸಿದರು. ಮೊದಲು ಎಸಿಯ ಗರಗರ, ಯಾವುದೋ ಮಗುವಿನ ಅಳು. ಆಮೇಲೆ ಅನುಮಾನವೇ ಇಲ್ಲದಂತೆ ಕುಲ್ಸುಮಕ್ಕನ ಸ್ವರ. "ಒಂದು. ಎರಡು. ಮೂರು. ನಾಲ್ಕು ರಜೆ. ಐದು." ಆರರಿಂದ ಪ್ರತಿ ಅಂಕಿಗೆ ಒಂದು ಡ್ರಮ್ಮಿನ ಏಟು. ಇಪ್ಪತ್ತೆರಡು ಆದದ್ದೇ ಬಸ್ಸಿನ ಹಾರ್ನ್, "ಖಲಾಸ್, ಯಲ್ಲಾ" ಅಂತ ಅರಬಿಯಲ್ಲಿ ಮುಗಿಯಿತು, ಹೊರಡಿ ಅನ್ನುವ ಅವರದೇ ಮಾತು, ಬಾಗಿಲು ಮುಚ್ಚಿದ ಸದ್ದು. ಅಲ್ಲಿಂದ ನಾಲ್ಕು ಜನ ಒಟ್ಟಿಗೆ ಕಿರುಚುತ್ತಾರೆ. ನಾನಿನ್ನೂ ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು. ಎರಡು ನಿಮಿಷ ಆಗುವ ಮೊದಲೇ ಮುಗಿಯಿತು.

"ಇದು ಹಾಡಾ?" ಅಂದೆ.

"ಪಂಕ್ ರಾಕ್ ಅಂದರೆ ಹೀಗೇ. ಇಂಪಾಗಿದ್ದರೆ ಅವರಿಗೇ ಅವಮಾನ," ಅಂದರು ವಿನಯ್.

ವಾದ್ಯತಂಡದ ಹೆಸರು ಸಾಲ್ಟ್ ಟ್ರಕ್. ಕೆನಡಾದಲ್ಲಿ ಹಿಮ ಬಿದ್ದಾಗ ರಸ್ತೆಗೆ ಉಪ್ಪು ಎರಚುವ ಲಾರಿಗೆ ಹಾಗೆನ್ನುತ್ತಾರಂತೆ. ಒಂದು ಸಣ್ಣ ಊರಿನ ಮೂವರು ಹುಡುಗರು, ಒಬ್ಬಳು ಹುಡುಗಿ. ಡ್ರಮ್ಸ್ ಬಾರಿಸುವವನು ಬ್ರ್ಯಾಂಡನ್, ನಮ್ಮ ಮಂಗಳೂರಿನ ಕ್ಯಾಥೊಲಿಕ್ ಮನೆತನದವನು. ಹುಟ್ಟಿ ಬೆಳೆದದ್ದು ಇದೇ ದೋಹಾದಲ್ಲಿ, ಹತ್ತು ವರ್ಷ ತುಂಬಿದ ಮೇಲೆ ಮನೆಯವರೆಲ್ಲ ಕೆನಡಾಕ್ಕೆ ಹೋದರು. ಇದೇ ಶಾಲೆ, ಇದೇ ಹದಿನಾಲ್ಕನೇ ಬಸ್ಸು. ಆಗ ಫೋನಿನಲ್ಲಿ ಹಿಡಿದಿಟ್ಟ ಎಣಿಕೆಯನ್ನೇ ಹಾಡಿಗೆ ಹಾಕಿದ್ದಾನೆ.

ಮೂರು ವರ್ಷ ಅವರು ಬಟ್ಟೆ ಒಗೆಯುವ ಅಂಗಡಿಯ ಹಿಂಭಾಗದಲ್ಲಿ, ಚರ್ಚ್ ಹಾಲಿನ ನೆಲಮಾಳಿಗೆಯಲ್ಲಿ ಬಾರಿಸಿದ್ದರಂತೆ. ಹನ್ನೆರಡು ಜನ ಕೇಳಲು ಬಂದರೆ ಅದೇ ಹೆಚ್ಚು. ಒಂದು ಚಳಿಗಾಲ ಆ ಊರಿನ ಐಸ್-ಹಾಕಿ ಆಟದ ತಂಡ ಅಂಗಳಕ್ಕೆ ಇಳಿಯುವಾಗ ಯಾರೋ ಈ ಹಾಡು ಹಾಕಿದರು. ಜನ ಸುಮ್ಮನೆ ತಮಾಷೆಗೆ ಜೊತೆಯಲ್ಲಿ ಎಣಿಸಿದರು. ಅದರ ವಿಡಿಯೋ ಹರಡಿತು, ಪಕ್ಕದ ಊರಿನವರು ಹಾಕಿದರು, ದೊಡ್ಡ ನಗರದವರು ಹಾಕಿದರು, ರೇಡಿಯೋದವರೂ ಹಾಕಿದರು. ದೊಡ್ಡ ಕಂಪನಿಯೊಂದು ಕರೆದು ಒಪ್ಪಂದ ಮಾಡಿಕೊಂಡಿತು. ಈಗ ಹತ್ತು ಸಾವಿರ ಬಿಳಿಯರು ಉಣ್ಣೆ ಟೋಪಿ ಹಾಕಿಕೊಂಡು "ನಾಲ್ಕು ರಜೆ" ಅಂತ ಕೂಗುವುದನ್ನು ನಾನೇ ವಿಡಿಯೋದಲ್ಲಿ ನೋಡಿದೆ. ಒಬ್ಬಳ ಕೈಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ರಜೆ ಅಂತ ಬರೆದ ಬೋರ್ಡು. ಅವಳಿಗೆ ಅದರ ಅರ್ಥ ಗೊತ್ತಿರಬಹುದು ಅಂತ ನನಗೇನೂ ಅನಿಸಲಿಲ್ಲ. ಇಷ್ಟು ದೊಡ್ಡದಾದ ಮೇಲೆ ನೆಲಮಾಳಿಗೆಯ ಹಳೆಯ ಅಭಿಮಾನಿಗಳಿಗೆ ಇವರ ಮೇಲೆ ಸಿಟ್ಟಂತೆ, ಹಣಕ್ಕೆ ತಮ್ಮನ್ನೇ ಮಾರಿಕೊಂಡರು ಅಂತ ಬೈಗುಳವಂತೆ. ಅದೂ ನನಗೆ ತಲೆಗೆ ಹತ್ತಲಿಲ್ಲ.

ಬಸ್ಸಿನಲ್ಲಿ ಆದದ್ದು ಇನ್ನೊಂದು. ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳು ಆ ವಿಡಿಯೋ ನೋಡಿ, ಇದು ನಮ್ಮ ಆಂಟಿಯೇ ಅಂತ ಪತ್ತೆ ಮಾಡಿದ್ದಾಳೆ. ಮರುದಿನದಿಂದ ಕುಲ್ಸುಮಕ್ಕ "ಒಂದು" ಅಂದರೆ ಇಡೀ ಬಸ್ಸು "ಎರಡು" ಅನ್ನುತ್ತದೆ. ಇಪ್ಪತ್ತೆರಡಕ್ಕೆ ಎಲ್ಲವೂ ಕಿರುಚುತ್ತವೆ. ಈ ವರ್ಷ ಇರುವುದು ಇಪ್ಪತ್ತೇಳು ಮಕ್ಕಳು, ಆ ಗಲಾಟೆಯಲ್ಲಿ ಇಪ್ಪತ್ತಮೂರಕ್ಕೆ ಎಣಿಕೆ ತಪ್ಪುತ್ತದೆ, ಮತ್ತೆ ಒಂದರಿಂದ. ಬಸ್ಸು ಹತ್ತು ನಿಮಿಷ ತಡ. ಬಸ್ಸುಗಳ ಉಸ್ತುವಾರಿ ನೋಡುವ ಜೇಕಬ್, ಇನ್ನೊಮ್ಮೆ ತಡವಾದರೆ ಬೇರೆಯವರನ್ನು ಹಾಕುತ್ತೇನೆ ಅಂದಿದ್ದಾರೆ.

"ಮಕ್ಕಳು ಎಂಥದೋ ಕುಶಾಲು ಮಾಡ್ತಾರೆ, ನಾನು ಪದ್ಯದಲ್ಲಿ ಉಂಟಂತೆ," ಅಂತ ಒಂದು ಬೆಳಿಗ್ಗೆ ಅಮೂಲ್ಯಾಳನ್ನು ಹತ್ತಿಸಿಕೊಳ್ಳುತ್ತಾ ನಕ್ಕರು. ನಗು ಪೂರ್ತಿ ಇರಲಿಲ್ಲ. "ಆದ್ರೆ ಎಣಿಕೆ ತಪ್ಪಿದ್ರೆ ಕುಶಾಲಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಒಂದು ಮಗುವನ್ನೂ ಬಿಟ್ಟು ಹೋದದ್ದಿಲ್ಲ."

ಕಳೆದ ವಾರ ಕೆನಡಾದಿಂದ ಒಂದು ಕಾಗದ ಬಂತು. ಬಸ್ಸಿನ ತಾಯಂದಿರ ವಾಟ್ಸಾಪ್ ಗುಂಪು ನಡೆಸುವ ಕೇರಳದ ಅಸೀಫಾಗೆ ಬ್ರ್ಯಾಂಡನ್‌ನ ತಾಯಿಯ ಹಳೆಯ ಪರಿಚಯ. ಅವರಿಂದ ಅಸೀಫಾಗೆ, ಅಸೀಫಾಳಿಂದ ನನಗೆ. "ನಿನಗೆ ಕನ್ನಡ ಬರುತ್ತಲ್ಲ, ನೀನೇ ತಿಳಿಸಿ ಸೈನ್ ಮಾಡಿಸು." ನೆಲಮಾಳಿಗೆಯಲ್ಲಿ ಬಾರಿಸುವಾಗ ಯಾರ ಸ್ವರ ಅಂತ ಯಾರೂ ಕೇಳಿರಲಿಲ್ಲ. ದೊಡ್ಡ ಕಂಪನಿಯ ವಕೀಲರಿಗೆ ಸ್ವರದ ಒಡತಿಯ ಒಪ್ಪಿಗೆ ಬೇಕು. ಇಲ್ಲದಿದ್ದರೆ ಬರುವ ತಿಂಗಳ ಆಲ್ಬಮ್ಮಿನಲ್ಲಿ ಆ ಹಾಡು ಇರುವುದಿಲ್ಲ. ನಾಲ್ಕು ಪುಟ ಇಂಗ್ಲಿಷ್, ಇಡೀ ಬ್ರಹ್ಮಾಂಡದಲ್ಲಿ ಎಲ್ಲಿ ಬೇಕಾದರೂ ಈ ಸ್ವರವನ್ನು ಬಳಸಬಹುದು ಅಂತ ಒಂದು ಕಡೆ ಬರೆದಿತ್ತು.

ನಿನ್ನೆ ಶುಕ್ರವಾರ, ಜುಮಾ ನಮಾಜು ಮುಗಿದು ಊಟವಾದ ಮೇಲೆ ಕುಲ್ಸುಮಕ್ಕ ಮನೆಗೆ ಬಂದರು. ಅಮೂಲ್ಯಾ ಮಲಗಿದ್ದಳು. ಚಹಾ ಕೊಟ್ಟು, ಹಾಡು ಯಾರದ್ದು, ಕಾಗದದಲ್ಲಿ ಏನಿದೆ ಅಂತ ನಿಧಾನಕ್ಕೆ ಹೇಳಿದೆ. ಹಣವನ್ನೂ ಕೊಡುತ್ತಾರೆ ಅಂದೆ.

"ಎಣಿಸಿದ್ದಕ್ಕೆ ಶಾಲೆಯವರು ಸಂಬಳ ಕೊಟ್ಟಾಗಿದೆಯಲ್ಲ. ಇದು ಎಂಥದಕ್ಕೆ?"

"ಅದನ್ನು ತುಂಬಾ ಜನ ಕೇಳುತ್ತಿದ್ದಾರಲ್ಲ, ಅದಕ್ಕೆ. ಆದರೆ ಹಳೆಯ ಅಭಿಮಾನಿಗಳಿಗೆ ಅದೇ ಸಿಟ್ಟಂತೆ."

"ಹೆಚ್ಚು ಜನ ಕೇಳಿದ್ರೆ ಸಿಟ್ಟಾ? ಮತ್ತೆ ಜೋರಾಗಿ ಕೂಗುವುದು ಯಾಕೆ?"

ನಾನು ಕಾಗದವನ್ನು ಅವರ ಮುಂದಿಟ್ಟೆ. ಪೆನ್ನು ಕೊಟ್ಟೆ. ಪದ್ಯ ಕೇಳದೆ ಸೈನ್ ಹಾಕುವುದಿಲ್ಲ ಅಂದರು. ಫೋನಿನಲ್ಲಿ ಹಾಡು ಹಾಕಿದೆ. ಯಾರೋ ಊರಿಂದ ಮಾತಾಡುತ್ತಿದ್ದಾರೆ ಅನ್ನುವ ಹಾಗೆ ಅದನ್ನು ಕಿವಿಗೆ ಒತ್ತಿಕೊಂಡರು.

"ಹೌದಲ್ಲ, ನನ್ನದೇ ಸ್ವರ." ಮುಖ ಅರಳಿತು. "ನಾಲ್ಕು ರಜೆ. ಅದು ತಾಹಿರ್. ಅವನಿಗೆ ಯಾವಾಗ ನೋಡಿದ್ರೂ ಕಿವಿನೋವು." ಬಲಗೈ ಬೆರಳು ಟೀಪಾಯಿಯ ಮೇಲೆ ಒಂದೊಂದು ಅಂಕಿಗೂ ತಟ್ಟುತ್ತಾ ಮುಂದೆ ಹೋಯಿತು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಕಿರುಚಾಟ ಶುರುವಾಯಿತು. ಎತ್ತಿದ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು.

"ಇನ್ನೊಂದು ಸಲ ಹಾಕಿ."

ಹಾಕಿದೆ. ಮೂರನೇ ಸಲವೂ ಹಾಕಿದೆ. ಬೆರಳು ಮೂರು ಸಲವೂ ಅಲ್ಲೇ ನಿಂತಿತು.

"ಆ ವರ್ಷ ನನ್ನ ಬಸ್ಸಿನಲ್ಲಿ ಇಪ್ಪತ್ತಮೂರು ಮಕ್ಕಳು. ಇಪ್ಪತ್ತಮೂರು ಅಂದ್ರೆ ಇವನೇ, ಬ್ರ್ಯಾಂಡನ್. ತಡವಾಗಿ ಸೇರಿದವ, ಅದಕ್ಕೆ ಕೊನೆಯ ನಂಬ್ರ."

"ಅವತ್ತು ಅವನು ಬಂದಿರಲಿಕ್ಕಿಲ್ಲ, ಅಕ್ಕ."

"ಬಾರದಿದ್ರೆ ಇಪ್ಪತ್ತಮೂರು ರಜೆ ಅಂತ ಹೇಳ್ತಿದ್ದೆನಲ್ಲ."

"ಹಾಡಿಗೆ ಹೊಂದಿಸಲು ಕತ್ತರಿಸಿರಬಹುದು."

"ಹಾರ್ನ್ ಕೇಳಿತಲ್ಲ. ಖಲಾಸ್ ಹೇಳಿದ್ದು ಕೇಳಿತಲ್ಲ. ಬಾಗಿಲು ಹಾಕಿದ್ದೂ ಕೇಳಿತು. ಕತ್ತರಿಸಲಿಕ್ಕೆ ನಡುವೆ ಜಾಗ ಎಲ್ಲಿ ಉಂಟು?"

"ರೆಕಾರ್ಡ್ ಮಾಡಿದ್ದೇ ಅವನು. ಅಂದಮೇಲೆ ಬಸ್ಸಿನಲ್ಲೇ ಇದ್ದನಲ್ಲ."

"ಅದೂ ಹೌದು," ಅಂದರು. ಆದರೆ ಚಹಾ ಮುಟ್ಟಲಿಲ್ಲ. "ಕೇಳಿ ನೋಡಿ ಅವನಿಗೆ."

ಅವನ ನಂಬರು ಕಾಗದದ ಜೊತೆಯಲ್ಲೇ ಇತ್ತು. ಇಲ್ಲಿ ನಾಲ್ಕು ಗಂಟೆ, ಅಲ್ಲಿ ಬೆಳಿಗ್ಗೆ. ಎಣಿಕೆ ಇಪ್ಪತ್ತೆರಡಕ್ಕೆ ಯಾಕೆ ನಿಂತಿದೆ, ಆಂಟಿ ಕೇಳುತ್ತಿದ್ದಾರೆ ಅಂತ ಬರೆದೆ. ಬಹಳ ಹೊತ್ತು "ಟೈಪಿಂಗ್" ಅಂತ ಬರುತ್ತಿತ್ತು, ಹೋಗುತ್ತಿತ್ತು. ಕೊನೆಗೆ ಧ್ವನಿ ಸಂದೇಶ ಬಂತು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಿಲ್ಲಿಸಿ ನಿಲ್ಲಿಸಿ ಕುಲ್ಸುಮಕ್ಕನಿಗೆ ಕನ್ನಡದಲ್ಲಿ ಹೇಳಿದೆ.

"ಕುಲ್ಸುಂ ಆಂಟಿ, ನಾನು ಬ್ರ್ಯಾಂಡನ್. ಅವತ್ತು ಬಸ್ಸಿನಲ್ಲಿ ನಾನಿರಲಿಲ್ಲ, ಫೋನ್ ಮಾತ್ರ ಇತ್ತು. ಅಮ್ಮನ ಹಳೇ ಫೋನ್. ಆಟಕ್ಕೆ ರೆಕಾರ್ಡ್ ಒತ್ತಿ ಬ್ಯಾಗಿನ ಜೇಬಿನಲ್ಲಿ ಇಟ್ಟಿದ್ದೆ. ನೀರಿನ ಬಾಟಲಿ ಕ್ಲಾಸಲ್ಲೇ ಬಿಟ್ಟಿದ್ದು ನೆನಪಾಗಿ ಇಳಿದು ಓಡಿದೆ. ವಾಪಸ್ ಬಂದಾಗ ಬಸ್ಸು ಗೇಟು ದಾಟುತ್ತಾ ಇತ್ತು. ಅದು ಜೂನ್, ರಜೆ ಶುರುವಾಗುವ ವಾರ. ಅಪ್ಪ ಬಂದು ಕರೆದುಕೊಂಡು ಹೋದರು. ನನ್ನ ತಪ್ಪಿಂದಲೇ ಬಸ್ಸು ತಪ್ಪಿತು ಅಂತ ಹೇಳಿದೆ, ನೀವು ಕೆಲಸ ಕಳಕೊಳ್ಳಬಾರದು ಅಂತ. ಆಮೇಲೆ ನಾವು ಕೆನಡಾಕ್ಕೆ ಬಂದುಬಿಟ್ಟೆವು. ಈ ರೆಕಾರ್ಡಿಂಗ್ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಪ್ರತಿ ಸಲ ನೀವು ನನ್ನ ನಂಬರ್ ಹೇಳುತ್ತೀರೇನೋ ಅನಿಸುತ್ತೆ. ಬೇಜಾರೇನಿಲ್ಲ ಆಂಟಿ. ನಮ್ಮನ್ನ ಮೇಲೆ ತಂದಿದ್ದೇ ಈ ಹಾಡು."

ಕುಲ್ಸುಮಕ್ಕ ಚಹಾದ ಲೋಟ ಪಕ್ಕಕ್ಕೆ ಸರಿಸಿದರು.

"ಬ್ಯಾಗು," ಅಂದರು ಆಮೇಲೆ. "ಕೊನೇ ಸೀಟಿನಲ್ಲಿ ನೀಲಿ ಬ್ಯಾಗು. ಅವನ ಸ್ಟಾಪಿನಲ್ಲಿ ಐದು ಮಕ್ಕಳು ಒಟ್ಟಿಗೆ ಹಾರಿ ಇಳಿಯುವುದು, ಇವನೂ ಇಳಿದ ಅಂತಲೇ ನನ್ನ ಲೆಕ್ಕ. ಬ್ಯಾಗು ಮರೆತು ಹೋಗಿದ್ದಾನೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಕೊಡುವಾಗ ಬೈದೆ ನಾನು ಅವನಿಗೆ. ಬ್ಯಾಗು ನೆನಪಿಟ್ಟುಕೊಳ್ಳಲಿಕ್ಕೆ ಆಗುವುದಿಲ್ಲವಾ ಅಂತ ಬೈದೆ. ಅವ ಒಂದು ಮಾತು ಹೇಳ್ಲಿಲ್ಲ. ತಲೆ ತಗ್ಗಿಸಿ ತಗೊಂಡ."

ಡ್ರೈವರ್ ಹಾರ್ನ್ ಹಾಕಿ ಅವಸರ ಮಾಡಿದ್ದರಿಂದ ಆಯಿತು, ಹನ್ನೆರಡು ವರ್ಷ ಹಿಂದಿನ ಮಾತು, ಹುಡುಗ ಚೆನ್ನಾಗಿದ್ದಾನೆ, ಎಂದೆಲ್ಲ ಹೇಳಿದೆ. ಹೇಳುತ್ತಿರುವಾಗಲೇ, ಒಳಗೆ ಮಲಗಿರುವ ನನ್ನ ಹನ್ನೊಂದನೇ ನಂಬರು ನೆನಪಾದಳು. ಇಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ, ಅವತ್ತು ಬೆಳಿಗ್ಗೆ ಇವಳನ್ನು ಇದೇ ಕೈಗೆ ಒಪ್ಪಿಸಬೇಕು. ಉಳಿದ ತಾಯಂದಿರಿಗೆ ಹೇಳಲಾ? ಹೇಳಿದರೆ ಸಂಜೆಯೊಳಗೆ ಜೇಕಬ್‌ಗೆ ಮುಟ್ಟುತ್ತದೆ. ಹೇಳದಿದ್ದರೆ ನಾನೆಂಥ ತಾಯಿ? ಮಗುವಿನ ತಲೆ ಮುಟ್ಟಿ ಎಣಿಸುವ ಇನ್ನೊಬ್ಬರು ಈ ಊರಿನಲ್ಲಿ ಸಿಗುತ್ತಾರಾ, ಅದೂ ಗೊತ್ತಿಲ್ಲ. ಇದನ್ನು ಬರೆಯುತ್ತಿರುವಾಗಲೂ ತೀರ್ಮಾನವಾಗಿಲ್ಲ. ಆ ಮೂರನೇ ಸಲದ ಬೆರಳು ಮಾತ್ರ ಕಣ್ಣ ಮುಂದೆ ಇದೆ. ಇನ್ನು ಮೇಲೆ ಆ ಬೆರಳು ಎಣಿಕೆ ಮುಗಿಯದೆ ಎಲ್ಲೂ ನಿಲ್ಲುವುದಿಲ್ಲ ಅನಿಸುತ್ತದೆ. ಅನಿಸಿದರೆ ಸಾಕಾ?

ಕುಲ್ಸುಮಕ್ಕ ಕಾಗದವನ್ನು ಹತ್ತಿರ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು. ಇಂಗ್ಲಿಷಿನಲ್ಲಿ ಅವರ ಹೆಸರು ಅಚ್ಚಾಗಿದ್ದ ಗೆರೆಯ ಮೇಲೆ ಪೆನ್ನು ಇಟ್ಟು, ಮತ್ತೆ ತೆಗೆದರು.

"ನಾನು ತಪ್ಪಿದ್ದನ್ನು ಅಷ್ಟು ಜನ ಕೂಗಿ ಹೇಳ್ತಾರಾ?"

"ಅವರಿಗೆ ತಪ್ಪು ಅಂತ ಗೊತ್ತಿಲ್ಲ, ಅಕ್ಕ."

"ಅವನಿಗೆ ಗೊತ್ತುಂಟಲ್ಲ. ಅವನ ಪದ್ಯ ಅದು. ನಿಲ್ಲಿಸಲಿಕ್ಕೆ ನಾನು ಯಾರು?" ಅಂದರು. ಪೆನ್ನು ಮಾತ್ರ ಕಾಗದಕ್ಕೆ ಇಳಿಯಲಿಲ್ಲ. "ಜೂನ್ ಅಂತ ಅಲ್ಲವಾ ಅವ ಹೇಳಿದ್ದು?"

"ಹೌದು."

"ಮಧ್ಯಾಹ್ನ ಒಂದೂವರೆಗೆ ಶಾಲೆಯಿಂದ ಬಸ್ಸು ಬಿಡುವುದು."

ಜೂನ್ ತಿಂಗಳ ಒಂದೂವರೆ ಗಂಟೆಯ ದೋಹಾದ ಬಿಸಿಲು ಹೇಗಿರುತ್ತದೆ ಅಂತ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ.

"ಅಮೂಲ್ಯನ ಅಮ್ಮ, ನನಗೊಂದು ಉಪಕಾರ ಮಾಡಿ," ಅಂದರು. "ಸೈನ್ ಹಾಕ್ತೇನೆ, ಅದು ಆಮೇಲೆ. ಮೊದಲು ಅವನಿಗೆ ಬರೆಯಿರಿ. ಅವನ ಅಪ್ಪ ಬರುವವರೆಗೆ ಅವ ಎಲ್ಲಿ ನಿಂತಿದ್ದ ಅಂತ ಕೇಳಿ. ನೆರಳಲ್ಲಿ ಇದ್ದನಾ, ಬಿಸಿಲಲ್ಲಿ ಇದ್ದನಾ. ಆ ಬಾಟಲಿಯಲ್ಲಿ ನೀರು ಇತ್ತಾ. ಅಷ್ಟು ಕೇಳಿ ಹೇಳಿ ನನಗೆ."