ಎರಡನೇ ಕ್ಲಾರಿನೆಟ್ಟಿನ ನಾಲ್ಕು ಹಾಳೆ

ಹೋದ ವಾರ ಬೈಲಹೊಂಗಲದ ನನ್ನ ಅಂಗಡಿಗೆ ಒಬ್ಬರು ಬ್ಯಾಂಡಿನ ಹಳೇ ಕೋಟು ತಂದಿದ್ದರು, ಹೊಟ್ಟೆಯ ಹತ್ತಿರ ಸಡಿಲ ಮಾಡಿಕೊಡಿ ಎಂದು. ಹೊಲಿಗೆ ಬಿಚ್ಚಲು ತೊಡೆಯ ಮೇಲೆ ಹಾಕಿಕೊಂಡೆ. ಬೆವರು, ಹಿತ್ತಾಳೆ ತಿಕ್ಕುವ ಪಾಲಿಶ್, ಎರಡೂ ಬೆರೆತ ವಾಸನೆ. ಆಮೇಲೆ ದಿನವಿಡೀ ಕೈಗೆ ಕೆಲಸ ಹತ್ತಲಿಲ್ಲ… ನಮ್ಮ ಬ್ಯಾಂಡ್ ಮಾಸ್ತರರು ನೆನಪಾದರು.

ಆಗ ನಾನು ರಾಮದುರ್ಗದಲ್ಲಿ ದರ್ಜಿ. ಲಗ್ನದ ದಿನಗಳಲ್ಲಿ ಮಾಸ್ತರರ ಬ್ಯಾಂಡಿನಲ್ಲಿ ಮೊದಲನೆಯವರಿಗೆ ಜೊತೆಕೊಡುವ ಎರಡನೇ ಕ್ಲಾರಿನೆಟ್ ಊದುತ್ತಿದ್ದೆ. ಅವರು ಮಿಲಿಟರಿ ಬ್ಯಾಂಡಿನಲ್ಲಿದ್ದು ನಿವೃತ್ತರಾಗಿ ಬಂದವರು. ಮೆರವಣಿಗೆಯಲ್ಲಿ ಸಿನಿಮಾ ಹಾಡು ಊದಿಸುತ್ತಿದ್ದರೂ ಅವರ ಜೀವವೆಲ್ಲ ಇದ್ದದ್ದು ತಾವೇ ಬರೆಯುತ್ತಿದ್ದ ಒಂದು ಬಾಜಾದಲ್ಲಿ, ಅಂದರೆ ಬ್ಯಾಂಡಿಗೆಂದೇ ಕಟ್ಟುತ್ತಿದ್ದ ಸಂಗೀತದಲ್ಲಿ. ಸವದತ್ತಿಯಾಚೆ ನವಿಲುತೀರ್ಥದಲ್ಲಿ ಮಲಪ್ರಭೆ ಎರಡು ಗುಡ್ಡಗಳ ನಡುವೆ ಇರುಕಿಕೊಂಡು ಬಂದು, ಕೆಳಗೆ ನಮ್ಮ ಕಡೆಯ ಎರೆಹೊಲಗಳಲ್ಲಿ ಮೈ ಚಾಚುತ್ತದಲ್ಲ, ಅದನ್ನು ಹನ್ನೆರಡು ಮಂದಿ ಕೂತು ಊದಬೇಕು. ಹಾಡಿಲ್ಲ, ಮಾತಿಲ್ಲ. ಬರೀ ಹೊಳೆ.

ಒಂದು ಭಾನುವಾರ ನಮ್ಮನ್ನೆಲ್ಲ ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದರು. ವಾದ್ಯ ತರಲು ಬಿಡಲಿಲ್ಲ. ಬಂಡೆಯ ಮೇಲೆ ಕೂಡಿಸಿ, "ಇವತ್ತ ಬರೇ ಕೇಳ್ರಿ. ಊದೂದು ಆಮ್ಯಾಲ," ಎಂದರು.

ಬರೆಯಲು ಮೂರು ವರ್ಷ ಹಿಡಿಯಿತು. ಒಬ್ಬೊಬ್ಬರು ಊದಬೇಕಾದ ಸ್ವರಗಳನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆದು, ಎಲ್ಲರ ಹಾಳೆಗಳನ್ನೂ ತಮ್ಮ ಕಪಾಟಿನಲ್ಲೇ ಇಟ್ಟು ಬೀಗ ಹಾಕುತ್ತಿದ್ದರು. ಬೆರಳು ಓಡುತ್ತಿಲ್ಲ, ಮನೆಯಲ್ಲಿ ರೂಢಿ ಮಾಡುತ್ತೇನೆ ಎಂದು ನಾನೊಬ್ಬ ನನ್ನ ನಾಲ್ಕು ಹಾಳೆ ಬೇಡಿ ತಂದಿದ್ದೆ. ಪೂರ್ತಿ ಬಾಜಾ ನಾವು ಒಮ್ಮೆಯೂ ಊದಿರಲಿಲ್ಲ, ಅಷ್ಟರಲ್ಲಿ ಆ ಶ್ರಾವಣದಲ್ಲಿ ಹೊಳೆ ಊರೊಳಗೆ ಬಂತು.

ಅವರ ಮನೆ ತಗ್ಗಿನ ಓಣಿಯಲ್ಲಿತ್ತು. ಅವರ ಹೆಂಡತಿಗೆ, ನಾವು ಅಮ್ಮನವರು ಎನ್ನುತ್ತಿದ್ದವರಿಗೆ, ಲಕ್ವಾ ಹೊಡೆದು ನಡೆಯಲು ಬರುತ್ತಿರಲಿಲ್ಲ. ಮಾಸ್ತರರು ಅವರನ್ನು ಬೆನ್ನ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ಹೊರಬಂದರು. ಮತ್ತೆ ಒಳಗೆ ಹೋಗಲು ಜನ ಬಿಡಲಿಲ್ಲ. ನೀರಿಳಿದ ಮೇಲೆ ನೋಡಿದರೆ ಗೋಡೆ ಕುಸಿದಿತ್ತು, ಕಪಾಟಿನಲ್ಲಿ ಕೆಸರಿನ ಮುದ್ದೆ.

ಮರುದಿನ ಬೆಳಿಗ್ಗೆ ಮಾಸ್ತರರು ಎತ್ತರದ ಓಣಿಯಲ್ಲಿ ಮನೆಗೆ ಹೊಂದಿಕೊಂಡಿದ್ದ ನನ್ನ ಅಂಗಡಿಗೆ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ತಮ್ಮಾ, ನಿನ್ನ ಹಾಳಿ ಅದಾವೇನು?"

"ಅದಾವ್ರಿ ಮಾಸ್ತರ."

"ಊದು."

ಊದಿದೆ. ನಾಲ್ಕು ಸಾಲಾದ ಮೇಲೆ ನಿಲ್ಲಿಸಿದೆ. "ಮುಂದ?" ಎಂದರು. "ಮುಂದ ಎಣಿಸ್ಕೋತ ಸುಮ್ನಿರಬೇಕ್ರಿ. ಹನ್ನೆರಡು ಬಾರ್ ನನಗ ಖಾಲಿ ಐತ್ರಿ."

"ಅಲ್ಲಿ ಯಾರು ಊದ್ತಿದ್ರು? ಏನು ಊದ್ತಿದ್ರು?"

ನನ್ನನ್ನೇ ಕೇಳುತ್ತಿದ್ದರು, ಬರೆದವರು… ಬಾರ್ ಎಂದರೆ ತಾಳದ ಒಂದು ಸುತ್ತು; ಎರಡನೇ ಕ್ಲಾರಿನೆಟ್ಟಿನ ಹಾಳೆಯಲ್ಲಿ ಅವು ಅರ್ಧಕ್ಕರ್ಧ ಖಾಲಿಯೇ. ಹೊಳೆಯೆಲ್ಲ ಇದ್ದದ್ದು ಆ ಖಾಲಿಯಲ್ಲಿ. ತಿಂಗಳುಗಟ್ಟಲೆ ಬಂದರು. ಉಳಿದವರ ಮನೆಗಳಿಗೂ ಹೋದರು. ಒಬ್ಬೊಬ್ಬರು ಒಂದೊಂದು ಬಗೆ ಗುನುಗಿದರು. ಇವರು ಬರೆದು, ಹರಿದು, ಮತ್ತೆ ಬರೆದರು.

ಕೊನೆಗೆ ನನ್ನನ್ನು ಕರೆದುಕೊಂಡು ನವಿಲುತೀರ್ಥಕ್ಕೆ ಹೋದರು. ಅದೇ ಬಂಡೆ. ಸ್ವಲ್ಪ ಹೊತ್ತಿಗೇ ಎರಡೂ ಕಿವಿ ಮುಚ್ಚಿಕೊಂಡರು.

"ನಡಿ ಹೋಗೂಣು. ನನಗ ಹೊಳಿ ಕೇಳಸವಲ್ದು. ಗ್ವಾಡಿ ಬೀಳೂ ಸಪ್ಪಳ ಅಷ್ಟ ಕೇಳಸ್ತೈತಿ."

ಆಗ ಅವರು ಯರಗಟ್ಟಿಯಲ್ಲಿ ಹೆಂಡತಿಯ ತಮ್ಮನ ಮನೆಯಲ್ಲಿದ್ದರು. ಬಿಟ್ಟುಬರಲು ಹೋದೆ. ನಮ್ಮ ಮುಖ ನೋಡಿ ಅಮ್ಮನವರು ಮಂಚದ ಮೇಲಿಂದಲೇ ಅಂದರು: "ಅವತ್ತ ನನ್ನ ಬಿಟ್ಟು ಆ ಹಾಳಿ ಹೊತ್ಕೊಂಡು ಬರಬೇಕಿತ್ರಿ ನೀವು."

ಇಲ್ಲ ಅನ್ನಲು ಎಷ್ಟು ಹೊತ್ತು ಬೇಕು? ಮಾಸ್ತರರು ಅನ್ನಲಿಲ್ಲ. ಅಂಗಿಯ ಗುಂಡಿ ಹಿಡಿದುಕೊಂಡು ನಿಂತೇ ಇದ್ದರು. ಅಮ್ಮನವರು ಮಗ್ಗಲು ಬದಲಿಸಲೂ ಬಾರದೆ ಕಣ್ಣು ಮುಚ್ಚಿಕೊಂಡರು.

ಆಮೇಲೆ ಮಾಸ್ತರರು ಬಾಜಾದ ಮಾತೆತ್ತಲಿಲ್ಲ. ಮುಂದಿನ ಮಳೆಗಾಲ ಕಾಣಲಿಲ್ಲ.

ದಿನಕರ್ಮ ಮುಗಿದ ಮೇಲೆ ಕ್ಲಾರಿನೆಟ್ಟನ್ನೂ ಆ ನಾಲ್ಕು ಹಾಳೆಗಳನ್ನೂ ಹಿಡಿದು ಯರಗಟ್ಟಿಗೆ ಮಾತಾಡಿಸಲು ಹೋದೆ. ಅಮ್ಮನವರು ಊದಲು ಹೇಳಿದರು. ಊದಿದೆ. ಖಾಲಿ ಬಂದಲ್ಲಿ ನಿಲ್ಲಿಸಿ ಕಾಲಲ್ಲಿ ತಾಳ ಎಣಿಸುತ್ತಿದ್ದಾಗ ಅವರು ಸೊಟ್ಟಗಾದ ತುಟಿಯಲ್ಲೇ ಮೆಲ್ಲಗೆ ಗುನುಗತೊಡಗಿದರು. ಸರಿಯಾಗಿ ಹನ್ನೆರಡು ಬಾರ್. ಅದೇ… ಗುಡ್ಡದ ಸಂದಿಯಿಂದ ನೀರು ಹೊರಗೆ ಬೀಳುವ ಜಾಗ.

"ಅಮ್ಮಾರ, ಇದು ನಿಮಗ…?"

"ಮೂರು ವರ್ಷ ನನ್ನ ಮಂಚದ ಬಾಜೂಕ ಕುಂತು ಗುನುಗ್ಕೋತ ಬರದಾರಪ್ಪಾ. ಎಲ್ಲಾ ಬರ್ತಿತ್ತು ನನಗ. ನನ್ನ ಮಾತ್ರ ಒಮ್ಮೆನೂ ಕೇಳಲಿಲ್ಲ, ಕೇಳಿದ್ರ ಹೇಳ್ತಿದ್ನಿ. ಅವತ್ತ ನಿನ್ನ ಮುಂದ ನಾ ಅಂದ ಆ ಮಾತಿಗೆ ಅವರು ಸುಮ್ನ ನಿಂತ ಮ್ಯಾಲ… ನಾನಾಗಿ ಹೇಳಾಕ ನನಗ ಬಾಯಿ ಬರಲಿಲ್ಲ. ಈಗ ನೆನಪಿನ್ಯಾಗ ಇಷ್ಟ ಉಳದೈತಿ."

ಎರಡು ವರ್ಷದ ಹಿಂದೆ ಅವರೂ ಹೋದರು. ಇನ್ನೊಬ್ಬರು ಬರೆದದ್ದನ್ನು ಊದಲಷ್ಟೇ ನನಗೆ ಬರುತ್ತದೆ, ಬರೆದಿಡಲು ಬರುವುದಿಲ್ಲ. ಅವರು ಗುನುಗಿದ್ದನ್ನು ಮರೆಯಬಾರದೆಂದು ದಿನಾ ಮಿಶನ್ ತುಳಿಯುತ್ತ ಗುನುಗುತ್ತೇನೆ. ನಿನ್ನೆ ಹತ್ತನೇ ಬಾರಿನ ಹತ್ತಿರ ಅನುಮಾನ ಬಂತು, ಅಲ್ಲಿ ಸ್ವರ ಮೇಲೆ ಹೋಗುತ್ತಿತ್ತೋ, ಕೆಳಗೆ ಇಳಿಯುತ್ತಿತ್ತೋ… ಕೇಳೋಣವೆಂದರೆ ಯಾರೂ ಇಲ್ಲ.