ಬುತ್ತಿ ಕಟ್ಟಿಸಿಕೊಂಡು ಹೋದ ಬೀಗರು

ಆ ಮಾತನ್ನು ಮೊದಲು ಆಡಿದವನು ನಾನೋ, ಗೆಳೆಯ ಶರಣಪ್ಪನೋ ಎಂಬುದು ನನಗೆ ಬಹಳ ಕಾಲ ಖಚಿತವಿರಲಿಲ್ಲ. ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಅದು ನನ್ನ ಪರವಾಗಿಯೇ ಸಾಕ್ಷಿ ಹೇಳತೊಡಗಿದರಂತೂ ಇನ್ನೂ ಕಷ್ಟ.

ಅನುಮಾನವಿಲ್ಲದೆ ನೆನಪಿರುವುದು ಬಸ್ಸು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ತೆಲುಗು ನಾಡಿನ ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ಸೇರಿದ ಹೊಸತು. ಕೆಲಸ ಮುಗಿಸಿ ಬಂದು ಕೂತರೆ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ನಿಲ್ಲುತ್ತಿದ್ದರು. ಎಷ್ಟು ಸೋಪು ತಿಕ್ಕಿದರೂ ಕಾರ್ಖಾನೆಯ ನಾತ ಮೈ ಬಿಡುತ್ತಿರಲಿಲ್ಲ. ಬಾಡಿಗೆಗೆ ಕೋಣೆ ಕೇಳಲು ಹೋದ ಮನೆಯ ಒಡತಿ 'ವಾಸನ' ಎಂದು ಮುಖ ತಿರುಗಿಸಿದಳು. ನಾನು ಕಲಿತ ಮೊದಲ ತೆಲುಗು ಪದಕ್ಕೆ ಅರ್ಥ ಕೇಳಬೇಕಾಗಲಿಲ್ಲ.

ಭಾನುವಾರ ಬಂದರೆ ಕೋಠಿಯ ಹತ್ತಿರದ ಶರಣಪ್ಪನ ಮನೆ. ಕಲಬುರಗಿಯವನು, ಬ್ಯಾಂಕಿನಲ್ಲಿ ಗುಮಾಸ್ತ, ಕವಿ. ವಾರವೆಲ್ಲ ಅರೆಬರೆ ಹಿಂದಿಯಲ್ಲಿ ಕಳೆದ ನನಗೆ ಕನ್ನಡದಲ್ಲಿ ಬೈದು ಹಗುರಾಗಲು ಇದ್ದದ್ದು ಅದೊಂದೇ ಮನೆ. ಅವನ ಹೆಂಡತಿ ಮಹಾದೇವಿ ವೈನಿ ನನ್ನ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದರು, ಎದ್ದು ಹೋಗುತ್ತಿರಲಿಲ್ಲ. ಅಲ್ಲೇ ಒಂದು ದಿನ ಆ ನಾತವನ್ನು ನಮ್ಮಿಬ್ಬರಲ್ಲಿ ಒಬ್ಬ ಬೀಗರಿಗೆ ಹೋಲಿಸಿದ. ಮನೆಗೆ ಬಂದು ಕೂತ ಬೀಗರಿಗೆ ಹೊರಡಿ ಎನ್ನುವಂತಿಲ್ಲ, ಮುಖ ಗಂಟಿಕ್ಕುವಂತಿಲ್ಲ.

ಧಾರವಾಡದ ಕಡೆಯ ಕವಿಗೋಷ್ಠಿಗಳಲ್ಲಿ ನಾವು ಸುಮ್ಮನೆ ಕೂತು ಕೊನೆಗೆ ಚಪ್ಪಾಳೆ ತಟ್ಟುತ್ತೇವೆ. ಇಲ್ಲಿಯ ಕನ್ನಡದವರಿಗೆ ಉರ್ದು ಮುಶಾಯಿರಾದ ರೂಢಿ ಹತ್ತಿದೆ. ಕವಿ ಸಾಲಿನ ಕೊನೆಯಲ್ಲಿ ತಡೆಯುತ್ತಾನೆ, ಉಳಿದ ಪದವನ್ನು ಸಭೆ ಊಹಿಸಿ ಕೂಗುತ್ತದೆ. ಊಹೆ ಸರಿಯಾದರೆ ಅದು ಕವಿಗೆ ಸಂದ ಗೌರವ.

ರಾಜ್ಯೋತ್ಸವದ ಗೋಷ್ಠಿಯಲ್ಲಿ ಶರಣಪ್ಪ ಎದ್ದು, ಇದು ತಾನುಂಡ ಕಷ್ಟವೆಂದು ಪೀಠಿಕೆ ಹಾಕಿದ. ಕಾರ್ಖಾನೆಯ ಮೆಟ್ಟಿಲು ಹತ್ತಿದವನೇ ಅಲ್ಲ. ಮೈಗಂಟಿದ ನಾತ, ಎದ್ದು ಹೋದ ಸಹಪ್ರಯಾಣಿಕರು, ಎಲ್ಲ ಬಂತು. 'ಹೋಗೆನ್ನಲಾದೀತೆ, ಇವರು ನಮ್ಮ...' ಎಂದು ತಡೆದ.

'ಬೀಗರು' ಎಂದು ಹಿಂದಿನ ಸಾಲಿನಿಂದ ಕೂಗಿದೆ. ಮಾತು ನನ್ನದೆಂಬ ತಕರಾರು ಅದು. ಸಭೆ 'ವಾಹ್' ಎಂದಿತು. ಪಕ್ಕದ ಹಿರಿಯರು ನನ್ನ ಬೆನ್ನು ತಟ್ಟಿ, "ಭಾಳ ರಸಿಕರದೀರಿ" ಎಂದರು. ಶರಣಪ್ಪ ವೇದಿಕೆಯಿಂದಲೇ ನನಗೆ ಸಲಾಮು ಮಾಡಿದ.

ಕವಿತೆಯ ಮುಂದಿನ ಸಾಲಿನಲ್ಲಿ ಬೀಗರು ಬುತ್ತಿ ಕಟ್ಟಿಸಿಕೊಂಡು ಹೊರಟರು. ತೆರೆದ ಬಾಗಿಲಿನಿಂದ ಬೆಳಕು ಬಂತು. ಹೋಲಿಕೆ ಕದ್ದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ನನ್ನ ಬೀಗರನ್ನು ಅವನು ಬೀಳ್ಕೊಟ್ಟುಬಿಟ್ಟಿದ್ದ. ಸೋಮವಾರವೂ ಬಸ್ಸಿನಲ್ಲಿ ನನ್ನ ಪಕ್ಕದವರು ಎದ್ದು ನಿಂತರು.

ಗೋಷ್ಠಿ ಮುಗಿದು ಹೊರಗೆ ಬಂದಾಗಲೇ ಶರಣಪ್ಪನನ್ನು ಇದರ ಬಗ್ಗೆ ಕೇಳಿದ್ದೆ. "ನೀ ಬರೇ ನಾತ ಅಂದಿದ್ದಿ. ಬೀಗರು ಅಂದಾಂವ ನಾನು," ಎಂದ. "ಕವಿತಾದಾಗ ಕಷ್ಟ ಕೊನೀಗೆ ಹೋಗಬೇಕಪಾ. ಇಲ್ಲಂದ್ರ ಯಾರು ಕೇಳ್ತಾರ?" ಎಷ್ಟು ನಿರಾಳವಾಗಿ ಹೇಳಿದನೆಂದರೆ, ನನಗೇ ಅನುಮಾನ ಹುಟ್ಟಿತು.

ಭಾನುವಾರಗಳು ನಿಂತವು. ಈಗ ನನ್ನ ಕನ್ನಡ ಫೋನಿನಲ್ಲಿ ಮಾತ್ರ. ಧಾರವಾಡಕ್ಕೆ ಹೋದರೆ, ಮಾತಿನ ನಡುವೆ ಹಿಂದಿ ನುಸುಳುತ್ತದೆಂದು ತಂಗಿ ಆಡಿಕೊಳ್ಳುತ್ತಾಳೆ. ಇಲ್ಲಿ ಬಾಯಿ ತೆರೆದರೆ ಯಾವ ಊರೆಂದು ಕೇಳುತ್ತಾರೆ.

ಮೊನ್ನೆ ಅಬಿಡ್ಸ್‌ನ ಅಂಚೆ ಕಚೇರಿಯ ಮುಂದೆ ವೈನಿ ಸಿಕ್ಕರು. ಬರುವುದನ್ನೇ ಬಿಟ್ಟಿರಲ್ಲ ಎಂದು ಆಕ್ಷೇಪಿಸಿದರು. ಬೀಗರು ಎಂದವರು ಯಾರೆಂದು ಕೇಳಿದೆ. ಅವರು ಯೋಚಿಸಲೂ ಇಲ್ಲ.

"ನೀವs ಅಂದಿದ್ರಿ ಅಣ್ಣಾರ. ಹಂಗಾರ ಬೀಗರಿಗೂ ಒಂದು ತಾಟು ಇಡ್ಲೇನ್ರಿ ಅಂತ ನಾ ನಕ್ಕಿದ್ದೆ. ಇವರು ಸುಮ್ನ ಉಣ್ಣಾಕತ್ತಿದ್ರು."

ತಾಟಿನ ಮಾತು ನನಗೆ ಮರೆತೇ ಹೋಗಿತ್ತು. ಬೀಗರು ಎಂದವನು ನಾನೇ.